ಕ್ಯಾಮೆರಾ ಅಂತ ಬರೆಯದೆ ಕ್ಯಾಮೆರಾ ಬರೆಯುವುದು

(ಬಳ್ಳಾರಿಯಲ್ಲಿ, ಕಿರುಚಿತ್ರ ಮತ್ತು ಚಿತ್ರಕಥೆ ಬರೆಯುತ್ತಿರುವ ಹೊಸಬರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಚಿತ್ರಕಥೆ ಬರೆಯಲು ಕೂತವರು ಮೊದಲು ಕಲಿಯುವುದು ಕ್ಲೋಸ್‌ಅಪ್, ಲೋ ಆಂಗಲ್, ಡಿಸಾಲ್ವ್ ಅನ್ನುವ ಪದಗಳನ್ನು. ಕಲಿತ ಮೇಲೆ ಕೈ ಸುಮ್ಮನಿರುವುದಿಲ್ಲ, ಸಾಲುಸಾಲಿಗೂ ಒಂದೊಂದು ಬಂದು ಕೂರುತ್ತದೆ. ಆ ಪುಟ ಓದಿದವರಿಗೆ ಕ್ಯಾಮೆರಾ ಸಾಗಿಸುವ ಟ್ರಾಲಿ ಕಾಣುತ್ತದೆ, ಅದನ್ನು ಮೇಲೆತ್ತುವ ಜಿಬ್ ಕಾಣುತ್ತದೆ, ಕಥೆಯ ಹೆಂಗಸು ಮಾತ್ರ ಕಾಣುವುದಿಲ್ಲ. ನೋಡುವವರ ಕಣ್ಣಿಗೆ ಮೊದಲು ಏನು ಬೀಳಬೇಕು, ಅದರ ಹಿಂದೆ ಏನು ಬರಬೇಕು, ಯಾವುದನ್ನು ಮುಚ್ಚಿಡಬೇಕು ಎಂಬುದನ್ನು ತೀರ್ಮಾನಿಸುವುದು ಬರಹಗಾರರ ಕೆಲಸ. ಅಷ್ಟು ಗಟ್ಟಿಯಾದರೆ ಶಾಟ್‌ನ ಅಳತೆ, ಕೋನ, ಒಂದು ದೃಶ್ಯದಿಂದ ಇನ್ನೊಂದಕ್ಕೆ ದಾಟುವ ಬಗೆ, ಎಲ್ಲವೂ ಸಾಲಿನೊಳಗೇ ಇರುತ್ತವೆ. ಹೆಸರು ಹಿಡಿದು ಕೂಗುವ ಅಗತ್ಯ ಅಪರೂಪಕ್ಕೆ ಬರುತ್ತದೆ.

ಇಲ್ಲಿ ಎರಡು ಬೇರೆ ಬೇರೆ ಕಾಗದಗಳಿವೆ, ಅವು ಕಲಸಿಹೋಗಬಾರದು. ಒಂದು, ನಿರ್ಮಾಪಕರು, ನಟರು ಓದಿ ಒಪ್ಪುವ ಪ್ರತಿ. ಇನ್ನೊಂದು, ಒಪ್ಪಿದ ಮೇಲೆ ನಿರ್ದೇಶಕರೂ ಛಾಯಾಗ್ರಾಹಕರೂ ಕೂತು ಶಾಟ್ ಡಿವಿಷನ್ ಮಾಡಿದ, ಅಂದರೆ ದೃಶ್ಯವನ್ನು ಶಾಟ್‌ಗಳಾಗಿ ಒಡೆದ ಪ್ರತಿ. ಎರಡನೆಯದರಲ್ಲಿ ಶಾಟ್‌ಗೆ ನಂಬರು ಬೇಕು, ಲೆನ್ಸು ಬೇಕು, ಟ್ರಾಲಿಯೋ ಹ್ಯಾಂಡ್‌ಹೆಲ್ಡೋ ಎಂಬುದೂ ಬೇಕು. ಮೊದಲನೆಯದರಲ್ಲಿ ಅದನ್ನೆಲ್ಲ ತುಂಬಿದರೆ ಜಾಗ ನೋಡದೆ ಮನೆಯ ಕಿಟಕಿಗೆ ಅಳತೆ ಕೊಟ್ಟ ಹಾಗೆ. ನಾವು ಇವತ್ತು ಮಾತಾಡುತ್ತಿರುವುದು ಮೊದಲನೆಯ ಪ್ರತಿಯ ಬಗ್ಗೆ.

ಒಂದು ದೃಶ್ಯ ಇಟ್ಟುಕೊಳ್ಳೋಣ. ಬಳ್ಳಾರಿ ಅಂದರೆ ಜೀನ್ಸ್. ಹತ್ತಾರು ಗಲ್ಲಿಗಳಲ್ಲಿ ಚಿಕ್ಕ ಚಿಕ್ಕ ಕೋಣೆಯೊಳಗೆ ಮಿಷನ್ ಓಡುತ್ತಿರುತ್ತವೆ. ಅಂಥ ಒಂದು ಕೋಣೆಯಲ್ಲಿ ಸುಂಕಮ್ಮ ಎಂಬ ಹೆಂಗಸು, ಅವಳ ಮೇಲೆ ಒಬ್ಬ ಮೇಸ್ತ್ರಿ. ಹೊಸಬರ ಕೈಯಲ್ಲಿ ಈ ದೃಶ್ಯ ಸಾಮಾನ್ಯವಾಗಿ ಹೀಗೆ ಬರುತ್ತದೆ:

ವೈಡ್ ಶಾಟ್‌ನಲ್ಲಿ ಗಾರ್ಮೆಂಟ್ಸ್. ಕ್ಯಾಮೆರಾ ನಿಧಾನವಾಗಿ ಪ್ಯಾನ್ ಆಗುತ್ತಾ ಸುಂಕಮ್ಮನ ಬಳಿ ಬಂದು ಜೂಮ್ ಇನ್ ಆಗುತ್ತದೆ. ಲೋ ಆಂಗಲ್‌ನಲ್ಲಿ ಕ್ರೂರಿಯಾದ ಮೇಸ್ತ್ರಿ. ಟಾಪ್ ಆಂಗಲ್‌ನಲ್ಲಿ ಅಸಹಾಯಕ ಸುಂಕಮ್ಮ. ಕ್ಲೋಸ್‌ಅಪ್: ಅವಳ ಮುಖದಲ್ಲಿ ನೂರು ನೋವು. ಕಟ್ ಟು.

ಇದರಲ್ಲಿ ಐದು ಕಡೆ ಕ್ಯಾಮೆರಾ ಇದೆ. ಕಾಣುವ ವಸ್ತು ಒಂದೂ ಇಲ್ಲ. ‘ಕ್ರೂರಿ’, ‘ಅಸಹಾಯಕ’, ‘ನೂರು ನೋವು’, ಇವನ್ನು ಯಾವ ಲೆನ್ಸೂ ಹಿಡಿಯುವುದಿಲ್ಲ. ಕೊನೆಗೆ ನಟಿಯ ಮುಖದ ಮೇಲೆ ಎಲ್ಲ ಭಾರ ಬೀಳುತ್ತದೆ, ಅವಳು ಅಳುತ್ತಾಳೆ, ಹಿಂದೆ ಪಿಟೀಲು ಬರುತ್ತದೆ. ಅದೇ ದೃಶ್ಯವನ್ನು ಹೀಗೆ ಬರೆದು ನೋಡಿ:

ಒಳಗೆ. ಜೀನ್ಸ್ ಹೊಲಿಯುವ ಕೋಣೆ. ಮಧ್ಯಾಹ್ನ.

ಹತ್ತು ಮಿಷನ್ನುಗಳ ಕಟಕಟ. ಹತ್ತು ತಲೆ ಬಗ್ಗಿವೆ.

ಗೋಡೆ ಕಡೆಯ ಹನ್ನೊಂದನೆಯ ಮಿಷನ್ ನಿಂತಿದೆ.

ಪ್ಯಾಂಟಿನ ನಾಲ್ಕು ಹೊಲಿಗೆ ಕೂಡುವ ದಪ್ಪ ಜಾಗದಲ್ಲಿ ಮುರಿದ ಸೂಜಿಯ ತುದಿ. ನೀಲಿ ಹತ್ತಿದ ಎರಡು ಉಗುರು ಅದನ್ನು ಹಿಡಿಯಲು ನೋಡುತ್ತವೆ. ಜಾರುತ್ತದೆ. ಮತ್ತೆ ಹಿಡಿಯುತ್ತವೆ.

ಬಟ್ಟೆಯ ಮೇಲೆ ನೆರಳು ಬೀಳುತ್ತದೆ. ಉಗುರು ನಿಲ್ಲುತ್ತದೆ.

ಮೇಸ್ತ್ರಿ (ದನಿ ಮಾತ್ರ): ಇವತ್ತಿಗೆ ಎಷ್ಟನೇದವ್ವಾ ಇದು?

ಸುಂಕಮ್ಮ, ಮೂವತ್ತೈದು ವರ್ಷ, ತಲೆ ಎತ್ತುವುದಿಲ್ಲ.

ನೋಟ್‌ಬುಕ್ ತೆರೆಯುತ್ತದೆ. ಅವಳ ಹೆಸರಿನ ಮುಂದೆ ನಾಲ್ಕು ಗೀಟು. ಪೆನ್ನು ಐದನೆಯದನ್ನು ಎಳೆಯುತ್ತದೆ.

ನೆರಳು ಸರಿಯುತ್ತದೆ. ಸುಂಕಮ್ಮ ಮುರಿದ ತುದಿಯನ್ನು ಸೆರಗಿನ ಚುಂಗಿನಲ್ಲಿ ಗಂಟು ಹಾಕುತ್ತಾಳೆ. ಹೊಸ ಸೂಜಿ ಕೂರಿಸುತ್ತಾಳೆ. ಕಾಲು ಪೆಡಲ್ ಒತ್ತುತ್ತದೆ.

ಬಟ್ಟೆ ತಳ್ಳುವ ನೀಲಿ ಉಗುರು. ಕಟಕಟ.

ಈಗ ಎಣಿಸಿ. ‘ಹತ್ತು ತಲೆ’ ಕಾಣಬೇಕಾದರೆ ಲಾಂಗ್ ಶಾಟ್ ಬಿಟ್ಟು ಬೇರೆ ದಾರಿಯಿಲ್ಲ. ‘ಮುರಿದ ಸೂಜಿಯ ತುದಿ’ ಕಾಣಬೇಕಾದರೆ ಕ್ಯಾಮೆರಾ ಅಂಗೈ ಅಗಲದ ಜಾಗಕ್ಕೆ ಇಳಿಯಲೇಬೇಕು. ನಾವು ಇನ್ಸರ್ಟ್ (ಒಂದು ವಸ್ತುವನ್ನಷ್ಟೇ ಹತ್ತಿರದಿಂದ ತೋರಿಸುವ ಶಾಟ್) ಅಂತ ಬರೆಯಲಿಲ್ಲ, ಆದರೂ ಛಾಯಾಗ್ರಾಹಕರು ಮ್ಯಾಕ್ರೊ ಲೆನ್ಸ್ ತರಿಸುತ್ತಾರೆ. ಮೇಸ್ತ್ರಿಯನ್ನು ಲೋ ಆಂಗಲ್‌ನಲ್ಲಿ ತೋರಿಸಲಿಲ್ಲ, ಅವನನ್ನು ತೋರಿಸಲೇ ಇಲ್ಲ. ನೆರಳು, ದನಿ, ಪೆನ್ನು, ಇಷ್ಟೇ. ಮುಖವಿಲ್ಲದವನ ಹೆದರಿಕೆ ಮುಖವಿದ್ದವನಿಗಿಂತ ಹೆಚ್ಚು. ಪ್ರತಿ ಸಾಲು ಮುರಿದ ಕಡೆ ಓದುವವರ ಮನಸ್ಸಿನಲ್ಲಿ ಒಂದು ಕಟ್ ಆಗಿದೆ. ಪ್ಯಾರಾ ಅಂದರೆ ಶಾಟ್, ಪ್ಯಾರಾದ ನಡುವಿನ ಖಾಲಿ ಅಂದರೆ ಕಟ್. ಚಿತ್ರಕಥೆಯ ವ್ಯಾಕರಣದಲ್ಲಿ ಇದಕ್ಕಿಂತ ದೊಡ್ಡ ಸೂತ್ರ ಇಲ್ಲ. ಆರು ಸಾಲನ್ನು ಒಂದೇ ಪ್ಯಾರಾದಲ್ಲಿ ಒತ್ತಿದರೆ ಓದುವವರು ಅದನ್ನು ಕಡಿಯದ ಒಂದೇ ಉದ್ದ ಶಾಟ್ ಅಂತ ಕಾಣುತ್ತಾರೆ. ಅದೇ ಬೇಕಿದ್ದಾಗ ಹಾಗೆಯೇ ಒತ್ತಿ.

ಸುಂಕಮ್ಮನ ಮುಖಕ್ಕೆ ಯಾವ ಭಾವವನ್ನೂ ಕೊಡಲಿಲ್ಲ ಎಂಬುದನ್ನೂ ಗಮನಿಸಿ. ರಷ್ಯದ ಸಿನಿಮಾ ನಿರ್ದೇಶಕ ಲೆವ್ ಕುಲೆಶೊವ್ ನೂರು ವರ್ಷದ ಹಿಂದೆ ಮೊಝುಖಿನ್ ಎಂಬ ನಟನ ಒಂದೇ ಮುಖದ ತುಣುಕನ್ನು ಒಮ್ಮೆ ಸೂಪಿನ ಬಟ್ಟಲ ಪಕ್ಕ, ಒಮ್ಮೆ ಶವಪೆಟ್ಟಿಗೆಯ ಪಕ್ಕ ಜೋಡಿಸಿ ತೋರಿಸಿದ. ಮುಖ ಬದಲಾಗಲಿಲ್ಲ, ನೋಡುವವರಿಗೆ ಮಾತ್ರ ಒಮ್ಮೆ ಹಸಿವು ಕಂಡಿತು, ಒಮ್ಮೆ ದುಃಖ ಕಂಡಿತು ಅನ್ನುವುದು ಆ ಪ್ರಯೋಗದ ಹೆಸರಾದ ಸಂಗತಿ. ಬರಹಗಾರರಿಗೆ ಇದರಿಂದ ಸಿಗುವುದು ಕ್ರಮ. ‘ತಲೆ ಎತ್ತುವುದಿಲ್ಲ’ ಆದಮೇಲೆ ನಾಲ್ಕು ಗೀಟು ಬಂದರೆ ಅವಳಿಗೆ ಲೆಕ್ಕ ಮೊದಲೇ ಗೊತ್ತಿದೆ ಅನಿಸುತ್ತದೆ. ಗೀಟು ಮೊದಲು ಬಂದು ಆಮೇಲೆ ಅವಳು ತಲೆ ಎತ್ತದಿದ್ದರೆ ನಾಚಿಕೆ ಅನಿಸುತ್ತದೆ. ಎರಡು ಸಾಲು ಹಿಂದೆಮುಂದೆ ಮಾಡಿದರೆ ಹೆಂಗಸೇ ಬೇರೆ ಆಗುತ್ತಾಳೆ.

ಶಾಟ್‌ನ ಅಳತೆಯ ಬಗ್ಗೆ ಪುಸ್ತಕದ ಪಟ್ಟಿ ಎಲ್ಲ ಕಡೆ ಸಿಗುತ್ತದೆ: ಊರೆಲ್ಲ ಕಾಣುವ ಎಕ್ಸ್‌ಟ್ರೀಮ್ ಲಾಂಗ್, ಅಡಿಯಿಂದ ಮುಡಿವರೆಗಿನ ಫುಲ್, ಸೊಂಟದಿಂದ ಮೇಲಿನ ಮಿಡ್, ಭುಜದಿಂದ ಮೇಲಿನ ಕ್ಲೋಸ್, ಕಣ್ಣು ಮಾತ್ರದ ಎಕ್ಸ್‌ಟ್ರೀಮ್ ಕ್ಲೋಸ್, ಒಬ್ಬರ ಭುಜದ ಮೇಲಿಂದ ಇನ್ನೊಬ್ಬರನ್ನು ನೋಡುವ, ನಮ್ಮ ಯೂನಿಟ್‌ಗಳಲ್ಲಿ ಸಜೆಷನ್ ಅಂತ ಕರೆಯುವ ಶಾಟ್. ಇವನ್ನು ಬಾಯಿಪಾಠ ಮಾಡಲು ಒಂದು ಸಂಜೆ ಸಾಕು. ಅಳತೆಗೆ ಅರ್ಥ ಬರುವುದು ಹೇಗೆ ಅನ್ನುವುದಕ್ಕೆ ಮಾತ್ರ ನಮ್ಮ ಸುತ್ತಲೇ ನೋಡಬೇಕು. ಕೊಪ್ಪಳ, ಬಳ್ಳಾರಿ ಕಡೆಯ ತೊಗಲು ಗೊಂಬೆಯಾಟದಲ್ಲಿ ಅರಸರ, ದೇವರ ಗೊಂಬೆ ದೊಡ್ಡವು, ಆಳುಕಾಳುಗಳ ಗೊಂಬೆ ಚಿಕ್ಕವು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ, ಅದೇ ಆಟ. ಗೊಂಬೆ ಪರದೆಗೆ ಒತ್ತಿಕೊಂಡಿದ್ದರೆ ಅಂಚು ಚೂಪು, ಬಣ್ಣ ಸ್ಪಷ್ಟ. ದೀಪದ ಕಡೆ ಹಿಂದೆ ಸರಿಸಿದರೆ ನೆರಳು ಹಿಗ್ಗಿ ಮಸುಕಾಗುತ್ತದೆ. ಯಾರಿಗೆ ಎಷ್ಟು ಪರದೆ ಕೊಡಬೇಕು ಎಂಬ ತೀರ್ಮಾನ ಅಲ್ಲಿ ಪಾತ್ರದ ಘನತೆಯಿಂದ ಬರುತ್ತದೆ. ಸಿನಿಮಾದಲ್ಲಿ ಆ ಘನತೆಯನ್ನು ದೃಶ್ಯದಿಂದ ದೃಶ್ಯಕ್ಕೆ ಬದಲಿಸಬಹುದು. ಮೇಲಿನ ದೃಶ್ಯದಲ್ಲಿ ಅರಸನ ಗಾತ್ರ ಸಿಕ್ಕಿರುವುದು ಒಂದು ಮುರಿದ ಸೂಜಿಗೆ.

ಹಾಗಾಗಿ ಕ್ಲೋಸ್‌ಅಪ್ ಅನ್ನು ದುಡ್ಡಿನಂತೆ ಖರ್ಚು ಮಾಡಬೇಕು. ಮೊದಲ ಹತ್ತು ನಿಮಿಷದಲ್ಲೇ ನಾಯಕಿಯ ಕಣ್ಣೀರನ್ನು ಇಷ್ಟು ಹತ್ತಿರದಿಂದ ತೋರಿಸಿಬಿಟ್ಟರೆ ಮಗ ಮನೆ ಬಿಟ್ಟು ಹೋಗುವ ದೃಶ್ಯದಲ್ಲಿ ಇನ್ನೆಷ್ಟು ಹತ್ತಿರ ಹೋಗುತ್ತೀರಿ?

ಅಳತೆಗೆ ಇನ್ನೊಂದು ಲೆಕ್ಕವೂ ಇದೆ, ಅದು ಕೋಣೆಯದು. ಐದೂವರೆ ಅಡಿ ಎತ್ತರದ ಮನುಷ್ಯನನ್ನು ಅಡಿಯಿಂದ ಮುಡಿವರೆಗೆ, ಮೇಲೆ ಕೆಳಗೆ ತುಸು ಜಾಗ ಬಿಟ್ಟು ಹಿಡಿಯಲು, ಸಿನಿಮಾ ಕ್ಯಾಮೆರಾಗಳಲ್ಲಿ ಸಾಮಾನ್ಯವಾದ ಸೂಪರ್ 35 ಅಳತೆಯ ಸೆನ್ಸರಿನಲ್ಲಿ 50 ಎಂಎಂ ಲೆನ್ಸ್ ಹಾಕಿದರೆ ಸುಮಾರು 22 ಅಡಿ ಹಿಂದೆ ಹೋಗಬೇಕು. 24 ಎಂಎಂ ಹಾಕಿದರೂ ಹತ್ತಿರ ಹತ್ತಿರ 11 ಅಡಿ. ಸುಂಕಮ್ಮನ ಮನೆ ಹತ್ತಕ್ಕೆ ಹನ್ನೆರಡರ ಒಂದು ಕೋಣೆ ಆಗಿದ್ದರೆ, ಕ್ಯಾಮೆರಾ, ಅದರ ಹಿಂದೆ ಮನುಷ್ಯ, ಲೈಟಿನ ಸ್ಟ್ಯಾಂಡ್ ಎಲ್ಲಿ ನಿಲ್ಲಬೇಕು? ‘ಮನೆಯೊಳಗೆ ಅವಳು ಅತ್ತಿತ್ತ ನಡೆದಾಡುತ್ತಾಳೆ’ ಎಂದು ಬರೆದ ಸಾಲು ಸೆಟ್‌ಗೆ ಹೋದಾಗ ಸಾಯುತ್ತದೆ. ಅಗಲ ಲೆನ್ಸ್ ಹಾಕಿ ಗೋಡೆಗೆ ಒರಗಿ ತೆಗೆದರೆ ಗೋಡೆ ಮೂಲೆಗಳು ಬಾಗುತ್ತವೆ, ಹತ್ತಿರ ಬಂದ ಕೈ ತಲೆಗಿಂತ ದೊಡ್ಡದಾಗುತ್ತದೆ. ಬರೆಯುವಾಗಲೇ ಬಾಗಿಲು ತೆರೆದಿಟ್ಟು, ‘ಅಂಗಳದಿಂದ, ಬಾಗಿಲ ಚೌಕಟ್ಟಿನೊಳಗೆ ಸುಂಕಮ್ಮ ಒಲೆ ಮುಂದೆ’ ಎಂದರೆ ಕ್ಯಾಮೆರಾಗೆ ಹೊರಗೆ ಜಾಗ ಸಿಕ್ಕಿತು, ಚಿತ್ರಕ್ಕೆ ಇನ್ನೊಂದು ಚೌಕಟ್ಟೂ ಸಿಕ್ಕಿತು.

ಜೂಮ್ ಮತ್ತು ಟ್ರಾಲಿ ಒಂದೇ ಅಂದುಕೊಂಡು ಬರೆಯುವುದು ಇನ್ನೊಂದು ತಪ್ಪು. ಜೂಮ್ ಇದ್ದ ಚಿತ್ರವನ್ನೇ ಹಿಗ್ಗಿಸುತ್ತದೆ, ನಾವು ನಿಂತಲ್ಲೇ ಇರುತ್ತೇವೆ. ಟ್ರಾಲಿಯಲ್ಲಿ ನಾವೇ ನಡೆದು ಹತ್ತಿರ ಹೋಗುತ್ತೇವೆ, ದಾರಿಯ ಕಂಬ, ಬಾಗಿಲು ಪಕ್ಕಕ್ಕೆ ಸರಿದುಹೋಗುತ್ತವೆ. ಪುಟದಲ್ಲಿ ‘ಹತ್ತಿರ ಹೋದಂತೆ ಕಾಣುತ್ತದೆ: ಅವಳ ಕೈಯಲ್ಲಿ ಪತ್ರವಿದೆ’ ಎಂದರೆ ಸಾಕು. ಯಾವುದರಿಂದ ಎಂಬುದನ್ನು ನಿರ್ದೇಶಕರು ನೋಡಿಕೊಳ್ಳುತ್ತಾರೆ.

ಇನ್ನು ಕೋನಗಳು. ಲೋ ಆಂಗಲ್ ಅಂದರೆ ಬಲ, ಹೈ ಆಂಗಲ್ ಅಂದರೆ ದೌರ್ಬಲ್ಯ ಎಂಬ ಸಮೀಕರಣವನ್ನು ದಯವಿಟ್ಟು ಮರೆಯಿರಿ. ಕೋನ ಅಂದರೆ ಯಾರ ಕಣ್ಣಿನ ಎತ್ತರ ಎಂಬ ಪ್ರಶ್ನೆ. ಐದು ವರ್ಷದ ಮಗುವಿನ ಕಣ್ಣು ನೆಲದಿಂದ ಮೂರು ಅಡಿ ಚಿಲ್ಲರೆ ಎತ್ತರದಲ್ಲಿರುತ್ತದೆ. ದುರ್ಗಮ್ಮನ ಜಾತ್ರೆಯ ಜನಸಂದಣಿಯಲ್ಲಿ ತಪ್ಪಿಸಿಕೊಂಡ ಮಗುವಿನ ದೃಶ್ಯಕ್ಕೆ ‘ಲೋ ಆಂಗಲ್’ ಎಂದು ಬರೆಯುವುದಕ್ಕಿಂತ ‘ಸೊಂಟಗಳು, ಜೋತುಬಿದ್ದ ಕೈಚೀಲಗಳು, ಲುಂಗಿ, ಸೀರೆ ನೆರಿಗೆ. ಮುಖ ಒಂದೂ ಇಲ್ಲ. ಒಂದು ಬಳೆ ಕೈ ಪರಿಚಿತದ್ದು ಅನಿಸುತ್ತದೆ, ಹಿಡಿಯುತ್ತದೆ, ಅದು ಬೇರೆಯವರ ಕೈ’ ಎಂದು ಬರೆಯಿರಿ. ಕ್ಯಾಮೆರಾ ತಾನಾಗಿಯೇ ಮೂರಡಿಗೆ ಇಳಿಯುತ್ತದೆ. ಮಗುವನ್ನು ದೊಡ್ಡವರ ಎತ್ತರದಿಂದ ಒಮ್ಮೆಯೂ ತೋರಿಸದೆ ಇಡೀ ದೃಶ್ಯ ಮುಗಿಸಬಹುದು.

ಲೋ ಆಂಗಲ್ ಹೆಸರು ಹಿಡಿದು ಬರೆಯಲೇಬೇಕಾದರೆ, ಅದರ ಹಿಂದೆ ಆಕಾಶ ಬರುತ್ತದೆ ಎಂಬುದು ನೆನಪಿರಲಿ. ಬಳ್ಳಾರಿಯ ಬಿಸಿಲಿನ ಆಕಾಶಕ್ಕೆ ಎಕ್ಸ್‌ಪೋಷರ್ ಕೊಟ್ಟರೆ ಮುಖ ಇದ್ದಿಲಾಗುತ್ತದೆ, ಮುಖಕ್ಕೆ ಕೊಟ್ಟರೆ ಆಕಾಶ ಸುಣ್ಣವಾಗುತ್ತದೆ. ನಡುವೆ ನಿಲ್ಲಿಸಲು ರಿಫ್ಲೆಕ್ಟರು, ಥರ್ಮಾಕೋಲು ಬೇಕು, ಅದನ್ನು ಹಿಡಿಯುವವರು ಬೇಕು, ಗಾಳಿಗೆ ಅದು ಅಲುಗಾಡಿದರೆ ಮುಖದ ಮೇಲಿನ ಬೆಳಕೂ ಅಲುಗಾಡುತ್ತದೆ. ಟಾಪ್ ಆಂಗಲ್‌ಗೆ ಈಗ ಎಲ್ಲರೂ ಡ್ರೋನ್ ಅನ್ನುತ್ತಾರೆ. ಡ್ರೋನ್ ಹಾರುತ್ತಿರುವಾಗ ಅದರ ಗುಂಯ್ ಶಬ್ದದಲ್ಲಿ ಮಾತು ರೆಕಾರ್ಡ್ ಆಗುವುದಿಲ್ಲ. ಆದ್ದರಿಂದ ಮೇಲಿನಿಂದ ನೋಡುವ ಸಾಲಿನಲ್ಲಿ ಸಂಭಾಷಣೆ ಇಡಬೇಡಿ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಕೋಟೆ, ಗುಡಿಗಳಾದರೆ ಹಾರಿಸುವುದಕ್ಕೂ ಚಿತ್ರೀಕರಣಕ್ಕೂ ಮೊದಲೇ ಅನುಮತಿ ಪಡೆಯಬೇಕು.

ಬಿಸಿಲಿನ ಮಾತು ಬಂತು, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಬಹಳ ಚಿತ್ರಕಥೆಗಳು ‘ಹಗಲು’ ಎಂಬ ಒಂದೇ ಪದಕ್ಕೆ ನಿಲ್ಲುತ್ತವೆ. ಬಳ್ಳಾರಿ ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ 1ರ ಆಸುಪಾಸು, ಮತ್ತೆ ಆಗಸ್ಟ್ 12ರ ಆಸುಪಾಸು, ಮಧ್ಯಾಹ್ನ ಹನ್ನೆರಡು ಇಪ್ಪತ್ತು, ಇಪ್ಪತ್ತೈದರ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆ ನೇರ ನಿಲ್ಲುತ್ತಾನೆ. ನೆಟ್ಟ ಕೋಲಿಗೆ ನೆರಳಿಲ್ಲ. ಮನುಷ್ಯನ ಮುಖದಲ್ಲಿ ಹುಬ್ಬಿನ ನೆರಳು ಕಣ್ಣನ್ನು ನುಂಗುತ್ತದೆ, ಮೂಗಿನ ನೆರಳು ತುಟಿ ಮೇಲೆ ಬೀಳುತ್ತದೆ. ಆ ಹೊತ್ತಿನಲ್ಲಿ ಕಣ್ಣಿನ ಅಭಿನಯ ಬೇಡುವ ದೃಶ್ಯವನ್ನು ಬಯಲಲ್ಲಿ ಇಡಬಾರದು. ಅದೇ ಬಿಸಿಲು ಕಥೆಗೆ ಬೇಕಾದರೆ, ಗಣಿ ಕಡೆಯ ಕೆಂಪು ದೂಳಿನ ರಸ್ತೆಯಲ್ಲಿ ಲಾರಿಗೆ ಕಾಯುವವನ ದೃಶ್ಯ ಅನ್ನಿ, ಬರೆಯಿರಿ: ‘ಅವನ ನೆರಳು ಅವನ ಚಪ್ಪಲಿಯಷ್ಟೇ.’ ಆ ಸಾಲು ಹೊತ್ತನ್ನೂ ಹೇಳಿತು, ಕ್ಯಾಮೆರಾವನ್ನೂ ಕೆಳಗೆ ನೋಡಿಸಿತು. ಅದನ್ನು ಬೆಳಿಗ್ಗೆ ಎಂಟಕ್ಕೆ ತೆಗೆಯಲು ಆಗುವುದಿಲ್ಲ ಎಂಬುದು ಅಸೋಸಿಯೇಟ್ ಡೈರೆಕ್ಟರಿಗೆ ಚಿತ್ರೀಕರಣದ ಚಾರ್ಟ್ ಹಾಕುವಾಗಲೇ ತಿಳಿಯಿತು.

ಸಂಜೆಯದು ಇನ್ನೂ ಮೋಸದ ಬೆಳಕು. ಸೂರ್ಯ ಮುಳುಗುವ ಮೊದಲ ಒಂದು ಗಂಟೆ ನೆರಳು ಆಳಿನ ಎತ್ತರದ ನಾಲ್ಕು ಪಟ್ಟಿನಿಂದ ಶುರುವಾಗಿ ಉದ್ದವಾಗುತ್ತಲೇ ಇರುತ್ತದೆ, ಬಣ್ಣ ಚಿನ್ನದಿಂದ ಕೆಂಪಿಗೆ ತಿರುಗುತ್ತದೆ. ಮುಳುಗಿದ ಮೇಲೆ ಮುಖ ಗುರುತು ಸಿಗುವಷ್ಟು ಬೆಳಕು ಉಳಿಯುವುದು ಇಪ್ಪತ್ತು, ಇಪ್ಪತ್ತೈದು ನಿಮಿಷ. ನೀವು ಮೂರು ಪುಟದ ಜಗಳವನ್ನು ‘ಸೂರ್ಯಾಸ್ತ’ ಅಂತ ಬರೆದಿದ್ದೀರಿ ಅನ್ನಿ. ಒಂದು ಕ್ಯಾಮೆರಾದಲ್ಲಿ ಮಾಸ್ಟರ್, ಅಂದರೆ ಇಡೀ ಜಗಳ ಒಟ್ಟಿಗೆ ಕಾಣುವ ಶಾಟ್, ಮುಗಿಸುವಷ್ಟರಲ್ಲಿ ಅರ್ಧ ಬೆಳಕು ಹೋಯಿತು. ಗಂಡನ ಕ್ಲೋಸ್ ಚಿನ್ನದ ಬಣ್ಣದಲ್ಲಿ, ಹೆಂಡತಿಯ ಕ್ಲೋಸ್ ನೀಲಿಯಲ್ಲಿ. ಉಳಿದದ್ದನ್ನು ಮಾರನೆಯ ದಿನ ತೆಗೆದರೆ ಮೋಡ. ಎಡಿಟಿಂಗ್ ಟೇಬಲ್ ಮೇಲೆ ಆ ಜಗಳ ಎರಡು ದಿನ, ಎರಡು ಋತುವಿನಲ್ಲಿ ನಡೆದಂತೆ ಕಾಣುತ್ತದೆ. ಜಗಳವನ್ನು ಪಡಸಾಲೆಯ ನೆರಳಿಗೆ ತನ್ನಿ. ಮುಳುಗುವ ಸೂರ್ಯನಿಗೆ ಮಾತಿಲ್ಲದ ಒಂದು ಸಾಲು ಕೊಡಿ. ಹಾಗಂತ ನಮ್ಮ ಬಿಸಿಲು ಶತ್ರುವಲ್ಲ. ಮೈಸೂರಿನವರಾದ ಛಾಯಾಗ್ರಾಹಕ ವಿ.ಕೆ. ಮೂರ್ತಿ 1959ರ ‘ಕಾಗಜ್ ಕೆ ಫೂಲ್’ನಲ್ಲಿ ಸ್ಟುಡಿಯೊ ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಒಳಗೆ ತಿರುಗಿಸಿ, ಕಂಬದಂತೆ ಇಳಿಯುವ ಆ ಬೆಳಕನ್ನು ಮಾಡಿದ್ದು. ಹೆಂಚಿನ ಸಂದಿ, ತಗಡಿನ ತೂತು, ಅರ್ಧ ತೆರೆದ ಶಟರು, ಇವನ್ನು ದೃಶ್ಯದೊಳಗೆ ಬರೆದಿಟ್ಟರೆ ಬೆಳಕು ಮಾಡುವವರಿಗೆ ಹಿಡಿ ಸಿಗುತ್ತದೆ.

ಇಮ್ಯಾಜಿನರಿ ಲೈನ್ ಅಂತ ಕರೆಯುವ 180 ಡಿಗ್ರಿ ಗೆರೆ ಬರಹಗಾರರಿಗೆ ಸಂಬಂಧವಿಲ್ಲ ಅನ್ನುವವರಿದ್ದಾರೆ. ಇದೆ. ಇಬ್ಬರು ಎದುರುಬದುರು ಕೂತರೆ ಅವರ ನಡುವೆ ಒಂದು ಗೆರೆ. ಕ್ಯಾಮೆರಾ ಅದರ ಒಂದೇ ಬದಿಯಲ್ಲಿದ್ದರೆ ಒಬ್ಬರು ಸದಾ ಬಲಕ್ಕೆ ನೋಡುತ್ತಾರೆ, ಇನ್ನೊಬ್ಬರು ಎಡಕ್ಕೆ. ದಾಟಿದರೆ ಇಬ್ಬರೂ ಒಂದೇ ಕಡೆ ನೋಡಿದಂತಾಗಿ ಮಾತು ಗೋಡೆಗೆ ಆಡಿದ ಹಾಗಿರುತ್ತದೆ. ಪ್ರಯಾಣದಲ್ಲಿ ಇದು ಇನ್ನೂ ಕಾಡುತ್ತದೆ. ಒಬ್ಬಳು ಸಿರುಗುಪ್ಪದ ಬಸ್ಸಿನ ಎಡಬದಿಯ ಕಿಟಕಿಗೆ ಕೂತಿದ್ದಾಳೆ. ಬಸ್ಸಿನೊಳಗೆ ಆಚೆ ಸೀಟಿನಿಂದ ಅವಳನ್ನು ತೆಗೆದರೆ ಬಸ್ಸಿನ ಮುಂಭಾಗ ಚೌಕಟ್ಟಿನ ಬಲಕ್ಕಿರುತ್ತದೆ, ಹೊರಗಿನ ಭತ್ತದ ಗದ್ದೆ ಬಲದಿಂದ ಎಡಕ್ಕೆ ಓಡುತ್ತದೆ. ಈಗ ‘ಹೊರಗಿನಿಂದ, ಅದೇ ಕಿಟಕಿಯಲ್ಲಿ ಅವಳ ಮುಖ’ ಎಂದು ಬರೆದರೆ ಕ್ಯಾಮೆರಾ ರಸ್ತೆಯ ಎಡಬದಿಗೆ ಹೋಯಿತು. ಅಲ್ಲಿಂದ ಬಸ್ಸು ಬಲದಿಂದ ಎಡಕ್ಕೆ ಓಡುತ್ತದೆ. ಒಳಗಿನ ಶಾಟ್‌ನಲ್ಲಿ ಊರು ಬಿಟ್ಟು ಹೊರಟವಳು ಹೊರಗಿನ ಶಾಟ್‌ನಲ್ಲಿ ಊರಿಗೆ ವಾಪಸ್ ಬರುತ್ತಿದ್ದಾಳೆ. ಎರಡರ ನಡುವೆ ಕಂಡಕ್ಟರ್ ಹರಿಯುವ ಟಿಕೆಟ್ಟೋ, ನೇರ ಎದುರಿನಿಂದ ಬರುವ ಬಸ್ಸಿನ ಮೂತಿಯೋ ಒಂದು ಸಾಲು ಇಟ್ಟರೆ ದಿಕ್ಕು ಒಮ್ಮೆ ಅಳಿಸಿಹೋಗುತ್ತದೆ, ಆಮೇಲೆ ಎಲ್ಲಿಂದ ತೋರಿಸಿದರೂ ನಡೆಯುತ್ತದೆ.

ಇನ್ನು ದಾಟುವ ವಿಷಯ, ಟ್ರಾನ್ಸಿಷನ್.

ಕನ್ನಡದ ಕಥನಕ್ಕೆ ಇದು ಹೊಸದಲ್ಲ. ‘ಇತ್ತ ಅರಮನೆಯಲ್ಲಿ’, ‘ಅತ್ತ ಕಾಡಿನಲ್ಲಿ’ ಅನ್ನುತ್ತಾ ಹರಿಕಥೆಯವರು ಎರಡು ಜಾಗವನ್ನು ಒಂದು ಪದದಿಂದ ಹೊಲಿಯುತ್ತಾರೆ. ಬಯಲಾಟದಲ್ಲಿ ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ಹಿಂದೆ ಗೆಜ್ಜೆ ಸದ್ದು, ತೆರೆಯ ಮೇಲೆ ಕಿರೀಟದ ತುದಿ, ಕೆಳಗೆ ಕುಣಿಯುವ ಕಾಲು. ಪಾತ್ರ ಬರುವ ಮೊದಲು ಪಾತ್ರದ ಸದ್ದು ಬಂದಿರುತ್ತದೆ. ಎಡಿಟಿಂಗ್‌ನಲ್ಲಿ ಜೆ-ಕಟ್ ಅನ್ನುವುದು ಇದನ್ನೇ: ಮುಂದಿನ ದೃಶ್ಯದ ಸದ್ದು ಮೊದಲು, ಚಿತ್ರ ಆಮೇಲೆ. ಹಿಂದಿನ ದೃಶ್ಯದ ಸದ್ದು ಮುಂದಿನ ಚಿತ್ರದ ಮೇಲೂ ಉಳಿದರೆ ಎಲ್-ಕಟ್.

ಸುಂಕಮ್ಮನ ಮುಂದಿನ ದೃಶ್ಯ ಹೀಗೆ ಶುರುವಾಗಲಿ:

ಒಳಗೆ. ಸುಂಕಮ್ಮನ ಮನೆ. ರಾತ್ರಿ.

ಕಟಕಟ ನಿಲ್ಲುವುದಿಲ್ಲ, ಪಟಪಟ ಆಗುತ್ತದೆ. ಬಿಳಿ ಜೋಳದ ಹಿಟ್ಟಿನ ಮೇಲೆ ನೀಲಿ ಉಗುರು. ರೊಟ್ಟಿ ಅಗಲವಾಗುತ್ತಿದೆ.

ಒಂದು ದೃಶ್ಯದ ಕೊನೆಯ ಚಿತ್ರಕ್ಕೆ ಮುಂದಿನದರ ಮೊದಲ ಚಿತ್ರ ಹೊಂದಿಕೊಳ್ಳುವುದಕ್ಕೆ ಮ್ಯಾಚ್ ಕಟ್ ಅನ್ನುತ್ತಾರೆ. ಮೇಲೆ ‘ಮ್ಯಾಚ್ ಕಟ್ ಟು’ ಅಂತ ಬರೆಯದಿದ್ದರೂ ಆಯಿತು. ಜೀನ್ಸಿನ ಬಣ್ಣ ಬೆರಳಿಗೆ ಹತ್ತುವುದು ಹೊಲಿಯುವವರಿಗೆಲ್ಲ ಗೊತ್ತು. ಅದು ರೊಟ್ಟಿಯ ಹಿಟ್ಟಿನ ಮೇಲೆ ಕಂಡಾಗ ಕೆಲಸ ಮನೆಗೂ ಬಂದಿದೆ ಎಂಬುದನ್ನು ಯಾರೂ ಹೇಳಬೇಕಾಗಿಲ್ಲ. ಈ ಜೋಡಣೆ ಕೆಡುವುದು ಎಲ್ಲಿ? ಮೊದಲನೆಯದಾಗಿ, ನಡುವೆ ‘ಸುಂಕಮ್ಮ ರಸ್ತೆಯಲ್ಲಿ ನಡೆದು ಮನೆಗೆ ಬರುತ್ತಾಳೆ’ ಎಂಬ ಸೀನ್ ಸೇರಿಸಿದರೆ ಉಗುರು ಉಗುರಿಗೆ ತಾಕುವುದಿಲ್ಲ. ಆಮೇಲೆ ಗಾತ್ರ: ಕೋಣೆಯಲ್ಲಿ ಉಗುರು ಚೌಕಟ್ಟಿನ ನಡುವೆ ದೊಡ್ಡದಾಗಿದ್ದು ಮನೆಯಲ್ಲಿ ಮೂಲೆಯಲ್ಲಿ ಚಿಕ್ಕದಾಗಿದ್ದರೆ ಕಣ್ಣು ಹುಡುಕುತ್ತಾ ಉಳಿಯುತ್ತದೆ. ಎರಡು ದೃಶ್ಯದ ಚಿತ್ರೀಕರಣ ಹತ್ತು ದಿನದ ಅಂತರದಲ್ಲಿ ಆಗಬಹುದು, ಆದ್ದರಿಂದ ಎರಡೂ ಸೀನಿನಲ್ಲಿ ‘ಸೀನ್ 24ರ ಉಗುರು, ಸೀನ್ 25ರ ಮೊದಲ ಚಿತ್ರಕ್ಕೆ ಹೊಂದಬೇಕು’ ಎಂದು ಟಿಪ್ಪಣಿ ಹಾಕಿ. ಮೊದಲು ತೆಗೆದ ಚೌಕಟ್ಟಿನ ಫೋಟೊ ಕಂಟಿನ್ಯುಟಿ ನೋಡುವವರ ಹತ್ತಿರ ಇರಬೇಕು. ಇನ್ಸರ್ಟ್‌ಗಳನ್ನು ಸಾಮಾನ್ಯವಾಗಿ ದಿನದ ಕೊನೆಗೆ, ನಟಿ ಹೋದ ಮೇಲೆ ಬೇರೆಯವರ ಕೈಯಲ್ಲಿ ತೆಗೆಯುತ್ತಾರೆ. ಆ ಕೈಯ ಅದೇ ಎರಡು ಉಗುರಿಗೆ ಅಷ್ಟೇ ನೀಲಿ, ಅದೇ ಬಳೆ, ಅಷ್ಟೇ ಸಂಖ್ಯೆ. ಇನ್ನೊಂದು: ಎಡಿಟಿಂಗ್‌ನಲ್ಲಿ ಸೀನ್‌ಗಳ ಕ್ರಮ ಬದಲಾದರೆ ಮ್ಯಾಚ್ ಕಟ್ ಮೊದಲು ಸಾಯುತ್ತದೆ. ಕಥೆ ಅರ್ಥವಾಗುವುದು ಅದೊಂದರ ಮೇಲೆ ನಿಲ್ಲಬಾರದು.

ಸದ್ದಿನದೊಂದು ಎಚ್ಚರಿಕೆ. ಹತ್ತು ಮಿಷನ್ ಓಡುತ್ತಿರುವಾಗ ಮೇಸ್ತ್ರಿಯ ಮಾತು ರೆಕಾರ್ಡ್ ಆಗುವುದಿಲ್ಲ. ಮಾತಿನ ಶಾಟ್‌ಗಳಲ್ಲಿ ಮಿಷನ್ ನಿಲ್ಲಿಸಿ, ಕಟಕಟವನ್ನು ಬೇರೆಯಾಗಿ ಒಂದೆರಡು ನಿಮಿಷ ಹಿಡಿದು ಆಮೇಲೆ ಸೇರಿಸುತ್ತಾರೆ. ಆಗ ನಿಶ್ಶಬ್ದ ಕೋಣೆಯಲ್ಲಿ ನಟ ಮೆಲ್ಲಗೆ ಮಾತಾಡಿಬಿಡುತ್ತಾನೆ. ಸದ್ದು ಸೇರಿಸಿದ ಮೇಲೆ ಆ ಮೆಲುದನಿ ಸುಳ್ಳಾಗುತ್ತದೆ. ಪುಟದಲ್ಲಿ ‘ಮಿಷನ್ ಸದ್ದಿನ ಮೇಲೆ ದನಿ ಏರಿಸಿ’ ಎಂದು ಒಂದು ಮಾತು ಹಾಕುವುದು ಯಾವ ಕ್ಯಾಮೆರಾ ಸೂಚನೆಗಿಂತಲೂ ಉಪಯೋಗಕ್ಕೆ ಬರುತ್ತದೆ.

‘ಕಟ್ ಟು’ ಪ್ರತಿ ಸೀನಿನ ಕೆಳಗೂ ಬೇಡ. ಹೊಸ ತಲೆಬರಹ ಬಂತೆಂದರೆ ಕಟ್ ಆಯಿತೆಂದೇ ಅರ್ಥ. ಪರದೆ ಕಪ್ಪಿನಿಂದ ಬೆಳಗುವ ಅಥವಾ ಕಪ್ಪಿಗೆ ಇಳಿಯುವ ಫೇಡ್‌ಗೆ ಚಿತ್ರದ ಆರಂಭ, ಅಂತ್ಯ, ಅಥವಾ ದೊಡ್ಡ ಕಾಲದ ಬಿರುಕು ಸಾಕು.

ಒಂದು ಚಿತ್ರ ಕರಗುತ್ತಾ ಇನ್ನೊಂದು ಮೂಡುವ ಡಿಸಾಲ್ವ್ ಬಗ್ಗೆ ಮಾತ್ರ ನಿಲ್ಲಬೇಕು. ಫಿಲ್ಮ್ ಕಾಲದಲ್ಲಿ ಅದನ್ನು ಲ್ಯಾಬಿನಲ್ಲಿ ಆಪ್ಟಿಕಲ್ ಪ್ರಿಂಟರ್ ಮೇಲೆ ಮಾಡಿಸಬೇಕಿತ್ತು, ದುಡ್ಡು ಖರ್ಚಾಗುತ್ತಿತ್ತು, ಯೋಚಿಸಿ ಬಳಸುತ್ತಿದ್ದರು. ಈಗ ಒಂದು ಕ್ಲಿಕ್. ಸೆಕೆಂಡಿಗೆ 24 ಫ್ರೇಮ್‌ನಂತೆ ಎರಡು ಸೆಕೆಂಡಿನ ಡಿಸಾಲ್ವ್‌ಗೆ 48 ಫ್ರೇಮ್ ಬೇಕು. ಕಟ್‌ನ ಆಚೆಈಚೆ ಸಮನಾಗಿ ಹಂಚಿದರೆ ಎರಡೂ ಶಾಟ್‌ನಲ್ಲಿ 24 ಫ್ರೇಮ್ ಹೆಚ್ಚುವರಿ ಇರಲೇಬೇಕು. ನಟ ಕೊನೆಯ ಮಾತು ಮುಗಿಸಿದ ತಕ್ಷಣ ‘ಕಟ್’ ಕೂಗಿದ್ದರೆ ಆ ಒಂದು ಸೆಕೆಂಡು ಇರುವುದೇ ಇಲ್ಲ. ಕೊನೆಯ ಮಾತಿನ ಮೇಲೇ ಮುಂದಿನ ಚಿತ್ರ ತೇಲಿ ಬಂದು ಮಾತನ್ನು ಮುಳುಗಿಸುತ್ತದೆ. ಡಿಸಾಲ್ವ್ ಬೇಕೆನಿಸಿದ ದೃಶ್ಯದ ಕೊನೆಗೆ ಮಾತಿಲ್ಲದ ಒಂದು ಸಾಲು ಬರೆಯಿರಿ: ‘ಅವನು ಹೋದ ಮೇಲೆ ಬಾಗಿಲು ಇನ್ನೂ ಅಲುಗುತ್ತಿದೆ.’ ಆ ಸಾಲು ಇದ್ದರೆ ನಿರ್ದೇಶಕರು ಕ್ಯಾಮೆರಾ ಓಡಿಸುತ್ತಲೇ ಇರುತ್ತಾರೆ, ಎಡಿಟರಿಗೆ ಫ್ರೇಮು ಸಿಗುತ್ತದೆ.

ಫೋನಿನ ದೃಶ್ಯಗಳಲ್ಲಿ ಬಹಳ ದುಡ್ಡು ಪೋಲಾಗುತ್ತದೆ. ತಲೆಬರಹ ಎರಡು ಕೊಟ್ಟು, ‘ಇಂಟರ್‌ಕಟ್’ (ಎರಡು ಜಾಗವನ್ನು ಒಂದಾದ ಮೇಲೊಂದು ತೋರಿಸುವುದು) ಎಂದು ಬರೆದು, ಮಾತನ್ನೆಲ್ಲ ಒಟ್ಟಿಗೆ ಸುರಿದರೆ ಎರಡೂ ಕಡೆ ಇಡೀ ಸಂಭಾಷಣೆ ಚಿತ್ರೀಕರಿಸಬೇಕಾಗುತ್ತದೆ. ಮುಖ್ಯವಾದ ಆ ಒಂದು ಮಾತು ಬಂದಾಗ ಪರದೆ ಮೇಲೆ ಯಾರಿರಬೇಕು? ಬಹಳ ಸಲ ಕೇಳುವವರು. ಬೆಂಗಳೂರಿಂದ ಮಗ ‘ಈ ಹಬ್ಬಕ್ಕೂ ಬರಾಕ ಆಗಂಗಿಲ್ಲವ್ವ’ ಅಂದಾಗ ಸುಂಕಮ್ಮ ತವೆಯ ಮೇಲಿನ ರೊಟ್ಟಿ ತಿರುವುತ್ತಾಳೆ. ಮಗನನ್ನು ತೋರಿಸುವುದೇ ಬೇಡ ಅಂತ ತೀರ್ಮಾನಿಸಿದರೆ ಒಂದು ಲೊಕೇಷನ್ನು, ಒಂದು ದಿನದ ಕಾಲ್‌ಶೀಟು ಉಳಿಯಿತು, ದೃಶ್ಯವೂ ಗಟ್ಟಿಯಾಯಿತು.

ಉದ್ದದ ಲೆಕ್ಕ ಹಲವರು ಕೇಳುತ್ತಾರೆ. ಒಂದು ಪುಟ ಅಂದರೆ ಒಂದು ನಿಮಿಷ ಎಂಬುದು ಇಂಗ್ಲಿಷಿನ ಕೊರಿಯರ್ 12 ಪಾಯಿಂಟ್ ಅಚ್ಚಿಗೆ, ಅಲ್ಲಿನ ಪುಟದ ಅಂಚುಗಳಿಗೆ ಕೂಡಿಬಂದ ಅಂದಾಜು. ಕನ್ನಡ ಲಿಪಿಯಲ್ಲಿ, ಅದರಲ್ಲೂ ಎಡಕ್ಕೆ ದೃಶ್ಯ ಬಲಕ್ಕೆ ಮಾತು ಎಂದು ಪುಟ ಸೀಳಿ ಬರೆಯುವ ನಮ್ಮ ಪದ್ಧತಿಯಲ್ಲಿ, ಅದು ಕೂಡಿಬರುವುದಿಲ್ಲ. ಮೊಬೈಲಿನ ಸ್ಟಾಪ್‌ವಾಚ್ ಹಚ್ಚಿ ಮಾತನ್ನು ಗಟ್ಟಿಯಾಗಿ ಓದಿ, ಕ್ರಿಯೆಯನ್ನು ಕಣ್ಣುಮುಚ್ಚಿ ಮನಸ್ಸಿನಲ್ಲಿ ನಡೆಸಿ, ಸೀನಿನ ಪಕ್ಕ ಸೆಕೆಂಡು ಬರೆದಿಡಿ. ಕ್ಯಾಮೆರಾ ಜಾಗ ಬದಲಿಸಿ ಬೆಳಕು ಹೊಂದಿಸಲು ಅರ್ಧ ಗಂಟೆ ಹಿಡಿದರೆ ಹತ್ತು ಗಂಟೆಯ ದಿನದಲ್ಲಿ ಇಪ್ಪತ್ತು ಜಾಗ, ಊಟ ತಿಂಡಿ ಕಳೆದರೆ ಅದಕ್ಕಿಂತ ಕಡಿಮೆ. ಸುಂಕಮ್ಮನ ಆ ಮುಕ್ಕಾಲು ನಿಮಿಷದ ದೃಶ್ಯಕ್ಕೇ ಐದಾರು ಜಾಗ ಬೇಕು. ಎಲ್ಲ ಸೀನೂ ಹೀಗೇ ಒಡೆದರೆ ಚಿಕ್ಕ ಯೂನಿಟ್ಟು ಉಸಿರುಗಟ್ಟುತ್ತದೆ. ಸೂಜಿಗೆ ಒಡೆಯಿರಿ, ಅವಳು ಅಕ್ಕನ ಜೊತೆ ಅಂಗಳದಲ್ಲಿ ಮಾತಾಡುವುದನ್ನು ಒಂದೇ ಶಾಟ್‌ಗೆ ಬಿಡಿ.

ಮೊಬೈಲಿನಲ್ಲೇ ಸಿನಿಮಾ ತೆಗೆಯುವವರಿಗೂ ಇದೆಲ್ಲ ಬೇಕಾ ಎಂಬ ಪ್ರಶ್ನೆ ಸಭೆಯಿಂದ ಬಂತು. ಅವರಿಗೇ ಹೆಚ್ಚು ಬೇಕು. ಫೋನಿನ ಮುಖ್ಯ ಲೆನ್ಸ್ ಅಗಲದ್ದು. ಅದನ್ನು ಮುಖದ ಹತ್ತಿರ ಹಿಡಿದು ಕ್ಲೋಸ್ ತೆಗೆದರೆ ಮೂಗು ಉಬ್ಬಿ ಕಿವಿ ಹಿಂದೆ ಓಡುತ್ತವೆ. ಟೆಲಿ ಲೆನ್ಸ್ ಇದ್ದರೆ ಅದಕ್ಕೆ ಬದಲಿಸಿ ನಾಲ್ಕೈದು ಅಡಿ ಹಿಂದೆ ನಿಲ್ಲಿ. ಇಲ್ಲದಿದ್ದರೆ ಮುಖದ ಕ್ಲೋಸ್‌ಗಳನ್ನು ಬರೆಯುವಾಗಲೇ ಕಡಿಮೆ ಮಾಡಿ, ಕೈ, ಕಾಲು, ವಸ್ತುಗಳಿಗೆ ಕೆಲಸ ಕೊಡಿ. ಎಕ್ಸ್‌ಪೋಷರ್ ಮತ್ತು ಫೋಕಸ್ ಲಾಕ್ ಮಾಡದೆ ಬಿಟ್ಟರೆ ಬಾಗಿಲಿಂದ ಒಳಗೆ ಬರುವ ಶಾಟ್‌ನಲ್ಲಿ ಚಿತ್ರ ತಾನೇ ಬೆಳಗಿ ತಾನೇ ಕಪ್ಪಾಗುತ್ತದೆ.

ಮನೆಗೆ ಹೋಗಿ ಮಾಡಬೇಕಾದ್ದು ಒಂದೇ ಕೆಲಸ. ನೀವು ಬರೆದಿಟ್ಟ ಯಾವುದಾದರೂ ಒಂದು ಸೀನ್ ತೆಗೆದು ಅದರಲ್ಲಿನ ಕ್ಯಾಮೆರಾ, ಶಾಟ್, ಆಂಗಲ್, ಕಟ್ ಪದಗಳನ್ನೆಲ್ಲ ಹೊಡೆದುಹಾಕಿ. ಉಳಿದದ್ದನ್ನು ಸಿನಿಮಾಗೆ ಸಂಬಂಧವಿಲ್ಲದ ಒಬ್ಬರಿಗೆ ಓದಲು ಕೊಡಿ. ಕಾಗದ ವಾಪಸ್ ಇಸಿದುಕೊಂಡು, ‘ಮೊದಲು ಏನು ಕಂಡಿತು, ಆಮೇಲೆ ಏನು, ಎಷ್ಟು ಹತ್ತಿರದಿಂದ?’ ಅಂತ ಕೇಳಿ, ಅವರು ಹೇಳಿದ ಕ್ರಮದಲ್ಲೇ ಬರೆದುಕೊಳ್ಳಿ. ಅದು ನಿಮ್ಮ ಮನಸ್ಸಿನಲ್ಲಿದ್ದ ಕ್ರಮಕ್ಕೆ ಎಲ್ಲಿ ತಪ್ಪಿತೋ ಆ ಸಾಲನ್ನು ತಿದ್ದಿ. ತಿದ್ದಿದ ಮೇಲೂ ತಪ್ಪುತ್ತಲೇ ಇದ್ದರೆ ಆ ಒಂದು ಜಾಗದಲ್ಲಿ ಮಾತ್ರ, ಹೊಡೆದುಹಾಕಿದ ಪದವನ್ನು ವಾಪಸ್ ತಂದು ಬರೆಯಿರಿ.